ಜಮೈಕಾ ಕಿಂಕೇಡ್ ಕಾದಂಬರಿಗಳ ತಾಯಿಯನ್ನು ಓದೋಕೆ ಯಾರ ಥಿಯರಿ ಹೊಂದುತ್ತದೆ: ಫ್ರಾಯ್ಡ್, ಕ್ಲೈನ್, ವಿನಿಕಾಟ್?

ಮೂವರೂ ಮನೋವಿಶ್ಲೇಷಕರು, ಅಂದರೆ ಮನಸ್ಸಿನ ಒಳಗನ್ನು ಎಳವೆಯ ಅನುಭವಗಳಿಂದ ವಿವರಿಸುವವರು. ಸದ್ಯಕ್ಕೆ ಇವರಲ್ಲಿ ಯಾರನ್ನೂ ತಗೊಳ್ಳಬೇಡಿ. ‘ಈ ತಾಯಿಗೆ ಇರುವ ಮಾನಸಿಕ ಸಮಸ್ಯೆ ಏನು ಅಂತ ಹೇಗೆ ಗುರುತಿಸುವುದು’ ಅಂತ ಪ್ರಶ್ನೆಯ ಕೊನೆಯಲ್ಲಿ ಕೇಳಿದ್ದೀರಲ್ಲ, ಹೆಚ್ಚುಕಮ್ಮಿ ಅದೇ ಸಾಲು ನನ್ನ ಪಿಎಚ್.ಡಿ. ಸಿನಾಪ್ಸಿಸ್‌ನ (ಸಂಶೋಧನೆಯ ರೂಪುರೇಷೆಯ) ಮೊದಲ ಪುಟದಲ್ಲಿತ್ತು. ಪುಸ್ತಕಗಳೂ ಇವೇ: ‘ಆ್ಯನಿ ಜಾನ್’ (1985), ‘ಲೂಸಿ’ (1990). ಆ ಒಂದು ಸಾಲಿನಿಂದ ನನ್ನ ಥೀಸಿಸ್ ವಾಪಸ್ ಬಂತು, ಕೈಗೆ ಬಂದಿದ್ದ ಲೆಕ್ಚರರ್ ಕೆಲಸ ತಪ್ಪಿತು, ನಮ್ಮಮ್ಮನ ಜೊತೆ ಬಹಳ ಕಾಲ ಮಾತು ನಿಂತಿತು. ಹಾಗಾಗಿ ಉತ್ತರ ಉದ್ದ ಇದೆ. ದಯವಿಟ್ಟು ಪೂರ್ತಿ ಓದಿ.

ಕಾದಂಬರಿ ಓದದವರಿಗಾಗಿ ಸ್ವಲ್ಪ ಹೇಳುತ್ತೇನೆ. ಲೇಖಕಿ ಕಿಂಕೇಡ್ ಹುಟ್ಟಿದ್ದು 1949ರಲ್ಲಿ, ಕೆರಿಬಿಯನ್ ದ್ವೀಪ ಆ್ಯಂಟಿಗಾದಲ್ಲಿ. ಆಗ ಅದು ಬ್ರಿಟಿಷರ ವಸಾಹತು. ಸ್ವಾತಂತ್ರ್ಯ ಬಂದಿದ್ದು 1981ರಲ್ಲಿ. ‘ಆ್ಯನಿ ಜಾನ್’ ಶುರುವಾದಾಗ ಆ್ಯನಿಗೆ ಹತ್ತು ವರ್ಷ. ಅಮ್ಮನನ್ನು ಬಿಟ್ಟಿರಲಾರಳು. ಇಬ್ಬರೂ ಒಟ್ಟಿಗೆ ಸ್ನಾನ ಮಾಡುತ್ತಾರೆ, ಒಂದೇ ತಾನಿನ ಬಟ್ಟೆಯಲ್ಲಿ ಇಬ್ಬರಿಗೂ ಉಡುಪು. ಹುಡುಗಿ ಬೆಳೆಯುತ್ತಾ ಬಂದಾಗ ಅಮ್ಮ ಒಂದು ದಿನ, ಇನ್ನು ನಿನಗೆ ಬೇರೆ ಬಟ್ಟೆ, ಜೀವನಪೂರ್ತಿ ನನ್ನ ಹಾಗೇ ಕಾಣುತ್ತಾ ಓಡಾಡೋಕೆ ಆಗಲ್ಲ ಅಂದುಬಿಡುತ್ತಾಳೆ. ಹುಡುಗಿಗೆ ಕಾಲ ಕೆಳಗಿನ ನೆಲವೇ ಹೋದಂತಾಗುತ್ತದೆ. ಅಲ್ಲಿಂದ ಪ್ರೀತಿ ನಿಧಾನಕ್ಕೆ ದ್ವೇಷವಾಗುತ್ತದೆ. ಕೊನೆಗೆ ಹದಿನೇಳರ ವಯಸ್ಸಿಗೆ ನರ್ಸಿಂಗ್ ಕಲಿಯಲು ಇಂಗ್ಲೆಂಡಿಗೆ ಹೊರಡುತ್ತಾಳೆ. ‘ಲೂಸಿ’ಯಲ್ಲಿ ಇನ್ನೊಬ್ಬ ಹುಡುಗಿ. ಅಮೆರಿಕದ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಅಮ್ಮನಿಂದ ಬರುವ ಕಾಗದಗಳನ್ನು ಒಡೆಯದೇ ಪೇರಿಸಿಡುತ್ತಾಳೆ.

ನಾನು ಮಾಡಿದ್ದು ಇಷ್ಟು. ಮೊದಲು ಥಿಯರಿ ಚಾಪ್ಟರ್ ಬರೆದೆ. ಮೆಲನಿ ಕ್ಲೈನ್ ಹೇಳುವ ಪ್ರಕಾರ ಎಳೆ ಮಗುವಿಗೆ ಒಬ್ಬಳೇ ತಾಯಿಯನ್ನು ಒಳ್ಳೆಯವಳು, ಕೆಟ್ಟವಳು ಎರಡೂ ಆಗಿ ಒಟ್ಟಿಗೆ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಅದು ತಾಯಿಯನ್ನು ಸೀಳಿ ಇಬ್ಬರನ್ನು ಮಾಡಿಕೊಳ್ಳುತ್ತದೆ. ಹಾಲು ಕೊಡುವವಳು ಒಬ್ಬಳು, ಕೊಡದೇ ಕಾಡುವವಳು ಇನ್ನೊಬ್ಬಳು. ಇದನ್ನು ಹಿಡಿದುಕೊಂಡು ಕಾದಂಬರಿಗೆ ಬಂದೆ. ಸಿಕ್ಕಿದ್ದೂ ಅದೇ. ಆ್ಯನಿ ಒಂದು ಭಾನುವಾರ ಚರ್ಚಿನ ಸಂಡೇ ಸ್ಕೂಲಿನಿಂದ ಬಹುಮಾನ ಹಿಡಿದು ಖುಷಿಯಿಂದ ಮನೆಗೆ ಬರುತ್ತಾಳೆ. ಅಪ್ಪ ಅಮ್ಮ ಮಂಚದ ಮೇಲಿದ್ದಾರೆ. ಅವಳ ಕಣ್ಣಿಗೆ ಬೀಳುವುದು ಅಪ್ಪನ ಬೆನ್ನಿನ ಮೇಲೆ ಸುತ್ತುತ್ತಿರುವ ಅಮ್ಮನ ಕೈ ಮಾತ್ರ. ಬೆಳ್ಳಗೆ, ಮೂಳೆ ಎದ್ದು, ಸತ್ತು ಎಷ್ಟೋ ದಿನ ಆದವರ ಕೈ ಥರ. ತನ್ನನ್ನು ಮೀಯಿಸಿದ ಕೈಯೇ ಅದು. ಕ್ಲೈನ್ ಓದಿ ಬಂದವರಿಗೆ ಇದಕ್ಕಿಂತ ಚೆನ್ನಾದ ಉದಾಹರಣೆ ಬೇಕಾ?

ಇಲ್ಲಿಯವರೆಗೆ ತಪ್ಪಿಲ್ಲ. ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. ಮಗಳು ಹೀಗೆ ಕಾಣುತ್ತಾಳೆ ಅನ್ನುವಲ್ಲಿಂದ, ತಾಯಿ ಹೀಗಿದ್ದಾಳೆ ಅನ್ನುವಲ್ಲಿಗೆ ನನಗೆ ಗೊತ್ತೇ ಆಗದಂತೆ ಜಾರಿಬಿಟ್ಟೆ. ‘ಆ್ಯನಿಯ ತಾಯಿ ಒಬ್ಬ ನಾರ್ಸಿಸಿಸ್ಟ್ (ತನ್ನಲ್ಲೇ ಮುಳುಗಿರುವವಳು). ಮಗಳನ್ನು ತನ್ನ ಮುಂದುವರಿಕೆ ಅಂತ ಮಾತ್ರ ನೋಡುತ್ತಾಳೆ. ಮಗಳು ಬೇರೆ ವ್ಯಕ್ತಿಯಾಗಲು ಹೊರಟಾಗ ಪ್ರೀತಿಯನ್ನು ವಾಪಸ್ ತಗೊಳ್ಳುತ್ತಾಳೆ’ ಅಂತ ಬರೆದೆ. ಅದರ ಮೇಲೆ ಒಂದಿಡೀ ಚಾಪ್ಟರ್ ಕಟ್ಟಿದೆ. ಗೈಡ್‌ಗೂ ಇಷ್ಟವಾಯಿತು. ಪರೀಕ್ಷಕರಿಂದ ವರದಿ ಬಂತು: ತಿದ್ದಿ ಮತ್ತೆ ಸಲ್ಲಿಸಿ. ಆ ನಾರ್ಸಿಸಿಸ್ಟ್ ಸಾಲಿನ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಒಂದೇ ಪ್ರಶ್ನೆ ಇತ್ತು. ‘ಇದು ಯಾರು ಹೇಳಿದ್ದು?’

ನನಗೆ ಸಿಟ್ಟು ಬಂತು. ಯಾರು ಹೇಳಿದ್ದು ಅಂದರೆ? ಕಾದಂಬರಿಯಲ್ಲೇ ಇದೆಯಲ್ಲ! ತೋರಿಸೋಣ ಅಂತ ಪುಸ್ತಕ ತೆಗೆದು ಕೂತೆ. ಒಂದೊಂದೇ ಸಾಲು ನೋಡುತ್ತಾ ಹೋದರೆ, ತಾಯಿಯ ಬಗ್ಗೆ ನಾನು ಸಾಕ್ಷಿ ಅಂತ ಕೊಟ್ಟಿದ್ದೆಲ್ಲ ಆ್ಯನಿಯ ಮಾತು. ಕೈ ಸತ್ತವರ ಥರ ಇತ್ತು ಅಂದವಳು ಆ್ಯನಿ. ಧ್ವನಿ ಮೋಸದ್ದು ಅಂದವಳು ಆ್ಯನಿ. ಇಡೀ ಪುಸ್ತಕ ‘ನಾನು’ ಅಂತ ನಡೆಯುತ್ತದೆ. ಆ ‘ನಾನು’ ಮಗಳು. ಅದೂ ದೊಡ್ಡವಳಾದ ಮೇಲೆ ಹಿಂತಿರುಗಿ ನೋಡಿ, ಯಾವುದನ್ನು ಹೇಳಬೇಕು ಯಾವುದನ್ನು ಬಿಡಬೇಕು ಅಂತ ಆರಿಸಿ ಹೇಳುತ್ತಿರುವ ಮಗಳು. ಒಬ್ಬಳೇ ಸಾಕ್ಷಿಯ ಮಾತು ಕೇಳಿ ನಾನು ಇನ್ನೊಬ್ಬಳಿಗೆ ಕಾಯಿಲೆಯ ಹೆಸರಿಟ್ಟಿದ್ದೆ.

ಇದನ್ನು ಯಾಕೆ ಇಷ್ಟು ಎಳೆಯುತ್ತಿದ್ದೇನೆ ಅಂದರೆ, ಈ ತಪ್ಪು ಮಾಡುವಾಗ ತಪ್ಪು ಅಂತ ಅನ್ನಿಸುವುದೇ ಇಲ್ಲ. ನಾವು ಪಾತ್ರವನ್ನು ಆಳವಾಗಿ ನೋಡುತ್ತಿದ್ದೇವೆ ಅಂತಲೇ ಅನ್ನಿಸುತ್ತದೆ. ಗೋಲಿಯ ಪ್ರಸಂಗ ನೋಡಿ. ಗೋಲಿ ಆಡಬಾರದು ಅಂತ ಅಮ್ಮನ ಕಟ್ಟಪ್ಪಣೆ. ಆ್ಯನಿ ಮನೆಯ ಅಡಿಯಲ್ಲಿ ಗೋಲಿ ಬಚ್ಚಿಟ್ಟಿದ್ದಾಳೆ. ಹುಡುಕಿ ಹುಡುಕಿ ಸಿಗದಿದ್ದಾಗ ಅಮ್ಮ ಒಂದು ಕಥೆ ಹೇಳುತ್ತಾಳೆ. ತಾನು ಹುಡುಗಿಯಾಗಿದ್ದಾಗ ಬಾಳೆಗೊನೆ ತಲೆ ಮೇಲೆ ಹೊತ್ತು ಮನೆಗೆ ಬಂದದ್ದು, ಯಾಕೋ ಭಾರ ಜಾಸ್ತಿ ಅನ್ನಿಸಿದ್ದು, ಇಳಿಸಿದಾಗ ಗೊನೆಯೊಳಗಿಂದ ಉದ್ದನೆಯ ಕರಿ ಹಾವು ಹರಿದುಹೋದದ್ದು. ಆ್ಯನಿ ಕರಗಿ ಹೋಗುತ್ತಾಳೆ. ತನ್ನಷ್ಟೇ ವಯಸ್ಸಿನ ಅಮ್ಮ, ಆ ಚೆಂದದ ತಲೆಯ ಮೇಲೆ ಹಾವು! ಗೋಲಿ ಎಲ್ಲಿದೆ ಅಂತ ಹೇಳಿಯೇಬಿಡುತ್ತೇನೆ ಅನ್ನುವಷ್ಟರಲ್ಲಿ ಅಮ್ಮ ಮೆತ್ತನೆಯ ಧ್ವನಿಯಲ್ಲಿ, ಸರಿ, ಗೋಲಿ ಎಲ್ಲಿ ಅಂತ ಕೇಳುತ್ತಾಳೆ. ಹುಡುಗಿ ಕಲ್ಲಾಗುತ್ತಾಳೆ. ನಾನು ಗೋಲಿ ಆಡಿದವಳೇ ಅಲ್ಲ ಅನ್ನುತ್ತಾಳೆ.

ಇದರ ಬಗ್ಗೆ ನಾನು ಬರೆದದ್ದು, ‘ತಾಯಿ ಕಥೆಯನ್ನು ನಿಯಂತ್ರಣದ ಸಾಧನವಾಗಿ ಬಳಸುತ್ತಾಳೆ.’ ಅಷ್ಟೇ. ತಲೆ ಮೇಲೆ ಗೊನೆ ಹೊತ್ತು ನಡೆದ ಆ ಹುಡುಗಿ ನನಗೆ ಕಾಣಲೇ ಇಲ್ಲ. ತಾಯಿಯ ಬಾಲ್ಯ ಪುಸ್ತಕದಲ್ಲಿ ಕಣ್ಣಿಗೆ ರಾಚುವಂತೆ ಇತ್ತು. ಅವಳ ಟ್ರಂಕ್ ಕೂಡ ಹಾಗೇ. ಆ್ಯನಿಯ ಎಳವೆಯ ಬಟ್ಟೆಬರೆಯನ್ನೆಲ್ಲ ಅಮ್ಮ ಒಂದು ಟ್ರಂಕಿನಲ್ಲಿ ಇಟ್ಟಿದ್ದಾಳೆ. ಒಂದೊಂದೇ ತೆಗೆದು ಅದರ ಕಥೆ ಹೇಳುತ್ತಾಳೆ. ‘ಮಗಳನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುವ ತಾಯಿ’ ಅಂತ ಬರೆದು ಮುಂದೆ ಹೋದೆ. ಆ ಟ್ರಂಕ್ ಎಲ್ಲಿಂದ ಬಂತು ಅಂತಲೂ ಕಾದಂಬರಿ ಹೇಳುತ್ತದೆ. ಹದಿನಾರನೇ ವಯಸ್ಸಿಗೆ ತನ್ನ ಅಪ್ಪನ ಜೊತೆ ಜಗಳವಾಡಿ, ಡೊಮಿನಿಕಾ ದ್ವೀಪ ಬಿಟ್ಟು ದೋಣಿ ಹತ್ತಿ ಬಂದಾಗ ಅವಳು ತಂದ ಟ್ರಂಕ್ ಅದು. ಅಂದರೆ ಮನೆ ಬಿಟ್ಟು ಬಂದ ಮಗಳೊಬ್ಬಳ ಟ್ರಂಕ್. ಮುಂದೆ ಆ್ಯನಿ ಬಡಗಿ ಅಪ್ಪನ ಹತ್ತಿರ ತನಗೂ ಒಂದು ಟ್ರಂಕ್ ಮಾಡಿಕೊಡು ಅನ್ನುವುದು ಸುಮ್ನೆ ಅಲ್ಲ. ಇಬ್ಬರ ಹೆಸರೂ ಆ್ಯನಿ. ತಾಯಿಯೂ ಒಬ್ಬ ಮಗಳು ಅನ್ನುವುದನ್ನು ಕಿಂಕೇಡ್ ಪುಟಪುಟದಲ್ಲಿ ಇಟ್ಟಿದ್ದಾರೆ. ಕ್ಲೈನ್ ಕನ್ನಡಕ ಹಾಕಿಕೊಂಡಿದ್ದ ನನಗೆ ಅದು ಕಾಣಲಿಲ್ಲ. ಆ ಕನ್ನಡಕಕ್ಕೆ ಕಾಣುವುದು ಮಗುವಿನ ಮನಸ್ಸಿನೊಳಗೆ ಇರುವ ತಾಯಿ ಮಾತ್ರ.

ಇನ್ನೊಂದು ಕಡೆ ನಾನು ಬೇಕಂತಲೇ ಕಣ್ಣು ಮುಚ್ಚಿಕೊಂಡೆ ಅಂತ ಈಗ ಅನ್ನಿಸುತ್ತದೆ. ‘ಲೂಸಿ’ಯಲ್ಲಿ ಅರ್ಧ ಪುಟದಷ್ಟು ಒಂದು ಭಾಗ ಇದೆ. ಒಂಬತ್ತು ವರ್ಷದವರೆಗೆ ಲೂಸಿ ಒಬ್ಬಳೇ ಮಗಳು. ಆಮೇಲೆ ಮೂವರು ಗಂಡು ಮಕ್ಕಳು ಹುಟ್ಟುತ್ತಾರೆ. ಒಬ್ಬೊಬ್ಬ ಹುಟ್ಟಿದಾಗಲೂ ಇವನು ಇಂಗ್ಲೆಂಡಿನಲ್ಲಿ ಓದಿ ಡಾಕ್ಟರೋ ಲಾಯರೋ ಆಗುತ್ತಾನೆ ಅಂತ ಅಪ್ಪ ಅಮ್ಮ ಮಾತಾಡಿಕೊಳ್ಳುತ್ತಾರೆ. ಅಪ್ಪ ಹಾಗಂದರೆ ಲೂಸಿಗೆ ಬೇಸರವಿಲ್ಲ, ಅವನಿಗೆ ಅವಳು ಗೊತ್ತಿಲ್ಲ. ಆದರೆ ಅಮ್ಮ? ತನ್ನನ್ನು ತನ್ನಷ್ಟೇ ಬಲ್ಲ ಅಮ್ಮ ಗಂಡುಮಕ್ಕಳ ಭವಿಷ್ಯ ನೆನೆದು ಕಣ್ಣು ತುಂಬಿಕೊಳ್ಳುತ್ತಾಳೆ. ತನ್ನ ಪಡಿಯಚ್ಚಿನಂತಿರುವ ಮಗಳಿಗೆ ಅಂಥ ಕನಸು ಒಂದೂ ಇಲ್ಲ. ಎದೆಗೆ ಕತ್ತಿ ಹೊಕ್ಕಂತಾಯಿತು ಅನ್ನುತ್ತಾಳೆ ಲೂಸಿ.

ಇಡೀ ಪುಸ್ತಕದ ಹೊಟ್ಟೆ ಇದು. ನಾನು ಇದನ್ನು ಒಂದು ಅಡಿಟಿಪ್ಪಣಿಗೆ ತಳ್ಳಿದ್ದೆ. ಯಾಕೆಂದರೆ ಫ್ರಾಯ್ಡ್ 1933ರ ಉಪನ್ಯಾಸದಲ್ಲಿ ಇದಕ್ಕೆ ರೆಡಿಮೇಡ್ ಜಾಗ ಇಟ್ಟಿದ್ದಾರೆ. ಹೆಣ್ಣುಮಗು ತಾಯಿಯ ಮೇಲೆ ಹೊರಿಸುವ ದೂರುಗಳಲ್ಲಿ ಹಾಲು ಸಾಲದ್ದು ಒಂದು, ಮನೆಗೆ ಇನ್ನೊಂದು ಮಗು ಬಂದದ್ದು ಮತ್ತೊಂದು. ಹಾಗಾಗಿ ‘ಒಡಹುಟ್ಟಿದವರ ಮೇಲಿನ ಅಸೂಯೆ’ ಅಂತ ಬರೆದು ಮುಗಿಸಿದೆ. ಆದರೆ ಲೂಸಿ ತಮ್ಮಂದಿರಿಗೆ ಸಿಕ್ಕ ಮುದ್ದಿನ ಬಗ್ಗೆ ಹೇಳುತ್ತಿಲ್ಲ, ಕಾಲೇಜಿನ ಬಗ್ಗೆ ಹೇಳುತ್ತಿದ್ದಾಳೆ. ಅದು ಅನ್ಯಾಯದ ದೂರು. ಕಿಂಕೇಡ್‌ಗೂ ಮೂವರು ತಮ್ಮಂದಿರು. ಮೂರನೆಯವನು ಹುಟ್ಟಿದಾಗ ಅವರನ್ನು ಸ್ಕೂಲಿನಿಂದ ಬಿಡಿಸಿದರು, ಆಮೇಲೆ ದುಡಿಯಲು ಅಮೆರಿಕಕ್ಕೆ ಕಳಿಸಿದರು. ‘ಆ್ಯನಿ ಜಾನ್’ನಲ್ಲಿ ತಮ್ಮಂದಿರೇ ಇಲ್ಲ, ‘ಲೂಸಿ’ಯಲ್ಲಿ ಬರುತ್ತಾರೆ. ನನ್ನನ್ನು ಕೇಳಿದರೆ ಎರಡನೇ ಪುಸ್ತಕ ಅಷ್ಟು ಗಟ್ಟಿಯಾಗಿರುವುದು ಅದಕ್ಕೇ.

ನಮ್ಮ ಮನೆಯಲ್ಲಿ ತಮ್ಮನನ್ನು ಇಂಜಿನಿಯರಿಂಗಿಗೆ ಅಂತ ಬೆಂಗಳೂರಿಗೆ ಕಳಿಸಿದರು. ಅಮ್ಮನ ಬಳೆ ಅಡವಿಗೆ ಹೋದವು. ನನಗೆ ಊರಿನ ಕಾಲೇಜಿನಲ್ಲಿ ಬಿ.ಎ. ಬಸ್ ಪಾಸಿಗೂ ಲೆಕ್ಕ. ಅಂಥವಳು ಆ ಅರ್ಧ ಪುಟದ ಮೇಲೆ ನಿಂತು ಯೋಚಿಸಬೇಕಿತ್ತು, ಅಲ್ವಾ? ನಾನು ಪುಟ ತಿರುಗಿಸಿ ಓಡಿದೆ. ನನಗೆ ಸುಲಭವಾಗಿದ್ದು ನಾರ್ಸಿಸಿಸ್ಟ್ ಅನ್ನುವ ಹೆಸರು. ಅದನ್ನು ಥೀಸಿಸ್‌ನಲ್ಲಿ ಬರೆದದ್ದೇ ಅಲ್ಲದೆ ಮನೆಗೂ ತಗೊಂಡು ಹೋದೆ. ತಮ್ಮನ ಮದುವೆ ಮಾತುಕತೆ ನಡೆಯುತ್ತಿದ್ದಾಗ ‘ನಿನ್ನ ಓದು ಮುಗಿಯೋದು ಯಾವಾಗ’ ಅಂತ ಅಮ್ಮ ಕೇಳಿದ್ದಕ್ಕೆ, ಅಡುಗೆಮನೆಯಲ್ಲಿ ನಿಂತು ಅವಳಿಗೇ ಅವಳ ಮನಸ್ಸಿನ ಬಗ್ಗೆ ಪಾಠ ಮಾಡಿದೆ. ನೀನು ಹೀಗೆ, ನೀನು ನನ್ನನ್ನು ಯಾವತ್ತೂ ಬೇರೆ ಜೀವ ಅಂತ ನೋಡಲೇ ಇಲ್ಲ, ಇದಕ್ಕೆ ಇಂಥ ಹೆಸರಿದೆ ಅಂತ. ಅಮ್ಮ ಈಳಿಗೆಮಣೆ ಪಕ್ಕಕ್ಕೆ ಸರಿಸಿ, ‘ನನ್ನನ್ನ ಏಳನೇ ಕ್ಲಾಸಿಗೇ ಬಿಡಿಸಿದ್ರು. ಅದಕ್ಕೇನು ಹೆಸರು ನಿಮ್ಮ ಪುಸ್ತಕದಲ್ಲಿ?’ ಅಂದಳು. ನನಗೆ ಅದು ಆಗ ತಪ್ಪಿಸಿಕೊಳ್ಳುವ ಮಾತು ಅನ್ನಿಸಿತು. ಅದನ್ನೂ ಅವಳ ಲಕ್ಷಣಗಳ ಪಟ್ಟಿಗೆ ಸೇರಿಸಿಕೊಂಡೆ. ಈಗ ಮಾತಾಡುತ್ತೇವೆ. ಆದರೆ ಅವಳು ಆ ದಿನವನ್ನು ಮರೆತಿಲ್ಲ, ಮರೆಯಬೇಕು ಅಂತ ನಾನೂ ಕೇಳುವುದಿಲ್ಲ.

‘ಲೂಸಿ’ಯಲ್ಲಿ ಇದಕ್ಕೆ ಸರಿಸಮನಾದ ಒಂದು ದೃಶ್ಯ ಇದೆ, ಅದನ್ನು ಖಂಡಿತ ಓದಿ. ತಮ್ಮಂದಿರ ವಿಷಯ ಲೂಸಿ ತನ್ನ ಯಜಮಾನಿ ಮರಾಯಾಗೆ ಹೇಳಿಕೊಂಡು ಅಳುತ್ತಾಳೆ. ಮರಾಯಾ ಒಳ್ಳೆಯವಳು. ಸಮಾಧಾನ ಮಾಡಲು ಹೆಂಗಸರ ಸ್ಥಿತಿಯ ಬಗ್ಗೆ ಮಾತಾಡಿ, ಒಂದು ದಪ್ಪ ಪುಸ್ತಕ ತಂದುಕೊಡುತ್ತಾಳೆ. ಲೂಸಿ ಮೊದಲ ವಾಕ್ಯ ಓದಿ ನಿಲ್ಲಿಸುತ್ತಾಳೆ. ಪುಸ್ತಕ ಬಿಡಿಸಿ ಹಿಡಿದು ಅವಳ ಕೈ ನೋಯುತ್ತದೆ, ಅವಳ ಬದುಕು ಅದರಲ್ಲಿ ಇಲ್ಲ. ಥಿಯರಿ ಹಿಡಿದು ಬರುವ ನಮ್ಮ ಬಗ್ಗೆ ಕಾದಂಬರಿ ಮೊದಲೇ ಹೇಳಿಬಿಟ್ಟಿದೆ.

ಹಾಗಾದರೆ ಮನೋವಿಶ್ಲೇಷಣೆಯೇ ಬೇಡ್ವಾ ಅಂತ ಕೇಳಬಹುದು. ಬೇಕು. ನಾನು ಮತ್ತೆ ಬರೆದ ಥೀಸಿಸ್‌ನಲ್ಲೂ ಕ್ಲೈನ್ ಇದ್ದಾರೆ. ಆದರೆ ಕೆಲಸ ಬೇರೆ. ತಾಯಿಯನ್ನು ಪರೀಕ್ಷೆ ಮಾಡುವುದು ಬಿಟ್ಟು, ಮಗಳು ತಾಯಿಯನ್ನು ಹೇಗೆ ಕಟ್ಟಿಕೊಳ್ಳುತ್ತಾಳೆ, ಹೇಗೆ ಅಳಿಸುತ್ತಾಳೆ ಅನ್ನುವುದನ್ನು ನೋಡಿದೆ. ಆ್ಯನಿ ಹದಿನೈದರ ಹೊತ್ತಿಗೆ ಕಾಯಿಲೆ ಬಿದ್ದು, ಹೊರಗೆ ಬಿಡದ ಮಳೆ ಸುರಿಯುತ್ತಿರುವಾಗ ಮನೆಯ ಫೋಟೊಗಳನ್ನು ಸೋಪು ನೀರಿನಲ್ಲಿ ಅದ್ದಿ ತೊಳೆಯುತ್ತಾಳೆ. ಒಣಗಿದಾಗ ನೋಡಿದರೆ, ಮದುವೆ ಫೋಟೊದಲ್ಲಿ ಅವಳನ್ನು ಬಿಟ್ಟು ಯಾರಿಗೂ ಮುಖವಿಲ್ಲ. ಅಪ್ಪ ಅಮ್ಮನ ಫೋಟೊದಲ್ಲಿ ಸೊಂಟದಿಂದ ಕೆಳಗೆ ಏನೂ ಉಳಿದಿಲ್ಲ. ಅವಳೊಬ್ಬಳ ಫೋಟೊದಲ್ಲಿ ಅವಳೇ ಇಲ್ಲ, ಷೂ ಮಾತ್ರ ಉಳಿದಿದೆ. ಅಮ್ಮ ಬೇಡ ಅಂದಿದ್ದ ಷೂ ಅದು. ಫ್ರಾಯ್ಡ್, ಕ್ಲೈನ್ ಇಬ್ಬರನ್ನೂ ಇಲ್ಲಿಗೆ ಕರೆತನ್ನಿ, ಧೈರ್ಯವಾಗಿ. ಯಾಕೆಂದರೆ ಇಲ್ಲಿ ಕೆಲಸ ಮಾಡುತ್ತಿರುವುದು ಮಗಳ ಕೈ. ಸೊಂಟದಿಂದ ಕೆಳಗೆ ಅಳಿಸಿದರೆ ಆ ಭಾನುವಾರದ ಮಂಚವೂ ಅಳಿಯುತ್ತದೆ. ಷೂ ಉಳಿಸಿಕೊಂಡರೆ ಅಮ್ಮನಿಗೆ ಸೇರದ ಒಂದು ಚೂರು ಉಳಿಯುತ್ತದೆ. ಇದನ್ನು ಹೇಳಲು ತಾಯಿಗೆ ಯಾವ ಹೆಸರನ್ನೂ ಹಚ್ಚಬೇಕಿಲ್ಲ.

ವಿನಿಕಾಟ್ ಬಗ್ಗೆ. ಎಲ್ಲರೂ ಅವರ ‘ಸಾಕಷ್ಟು ಒಳ್ಳೆಯ ತಾಯಿ’ ಅನ್ನುವ ಮಾತನ್ನೇ ಹಿಡಿಯುತ್ತಾರೆ. ನೀವು ಅದರಿಂದ ಶುರು ಮಾಡಬೇಡಿ, ಅದು ಸಲೀಸಾಗಿ ತಾಯಂದಿರಿಗೆ ಮಾರ್ಕ್ಸ್ ಕೊಡುವ ಕೆಲಸವಾಗುತ್ತದೆ. 1949ರ ಅವರ ಪ್ರಬಂಧ ಓದಿ, ಕೌಂಟರ್‌ಟ್ರಾನ್ಸ್‌ಫರೆನ್ಸ್‌ನಲ್ಲಿನ (ರೋಗಿಯ ಬಗ್ಗೆ ವಿಶ್ಲೇಷಕರ ಮನಸ್ಸಿನಲ್ಲೇ ಏಳುವ ಭಾವನೆಗಳಲ್ಲಿನ) ದ್ವೇಷದ ಬಗ್ಗೆ ಬರೆದದ್ದು. ಒಬ್ಬ ಸಾಮಾನ್ಯ ತಾಯಿ ತನ್ನ ಮಗುವನ್ನು ದ್ವೇಷಿಸಲು ಏನೇನು ಕಾರಣ ಇರಬಹುದು ಅಂತ ಅದರಲ್ಲಿ ಪಟ್ಟಿ ಕೊಡುತ್ತಾರೆ. ಮಗು ಅವಳನ್ನು ಸಂಬಳವಿಲ್ಲದ ಆಳಿನ ಥರ ನೋಡುತ್ತದೆ, ಬೇಕಾದ್ದು ಸಿಕ್ಕ ಮೇಲೆ ಕಿತ್ತಳೆ ಸಿಪ್ಪೆಯ ಹಾಗೆ ಎಸೆಯುತ್ತದೆ. ಆ ದ್ವೇಷವನ್ನು ಅವಳು ಒಳಗೇ ತಡೆದುಕೊಳ್ಳಬೇಕು, ಮಗುವಿನ ಮೇಲೆ ತೀರಿಸಿಕೊಳ್ಳುವ ಹಾಗಿಲ್ಲ. ಆ ಕಾಲದ ಮನೋವಿಶ್ಲೇಷಣೆಯಲ್ಲಿ ತಾಯಿಗೂ ಒಂದು ಒಳಮನಸ್ಸು ಇದೆ ಅಂತ ಒಪ್ಪಿಕೊಂಡ ಇಂಥ ಜಾಗಗಳು ಕಡಿಮೆ. ಆ್ಯನಿಯ ಅಮ್ಮನನ್ನು ಇದರ ಪಕ್ಕ ಇಟ್ಟು ನೋಡಿ.

ಸ್ತ್ರೀವಾದಿ ಸಮಾಜಶಾಸ್ತ್ರಜ್ಞೆ ನ್ಯಾನ್ಸಿ ಚೊಡೊರೊ ಅವರ 1978ರ ಪುಸ್ತಕವನ್ನು ನಿಮ್ಮ ಗೈಡ್ ಖಂಡಿತ ಹೇಳುತ್ತಾರೆ. ಮಗನನ್ನು ತಾಯಿ ತನಗಿಂತ ಬೇರೆ ಅಂತ ಬೇಗ ಕಾಣುತ್ತಾಳೆ, ಮಗಳನ್ನು ತನ್ನದೇ ಭಾಗ ಅಂತ ಜಾಸ್ತಿ ಕಾಲ ಕಾಣುತ್ತಾಳೆ, ಅದಕ್ಕೇ ಮಗಳಿಗೆ ಬಿಡಿಸಿಕೊಳ್ಳುವುದು ಕಷ್ಟ ಅನ್ನುವುದು ಅವರ ವಾದ. ಬಳಸಿ. ಆದರೆ ಅವರ ಕಣ್ಣ ಮುಂದಿದ್ದದ್ದು ಅಪ್ಪ ಕೆಲಸಕ್ಕೆ, ಅಮ್ಮ ಮನೆಯಲ್ಲಿ ಅನ್ನುವ ಪಶ್ಚಿಮದ ಚಿಕ್ಕ ಕುಟುಂಬ. ಸಾಹಿತ್ಯ ವಿಮರ್ಶಕಿ ಮೇರಿಯನ್ ಹಿರ್ಷ್ 1989ರಲ್ಲಿ ತಾಯಿ-ಮಗಳ ಕಥನದ ಬಗ್ಗೆ ಬರೆದ ಪುಸ್ತಕ ನನಗೆ ಇದಕ್ಕಿಂತ ಜಾಸ್ತಿ ಕೆಲಸಕ್ಕೆ ಬಂತು. ಮಗಳ ಜಾಗದಿಂದ ಕಥೆ ಹೇಳುವ ಅಭ್ಯಾಸ ಕಾದಂಬರಿಗೂ ಇದೆ, ಮನೋವಿಶ್ಲೇಷಣೆಗೂ ಇದೆ, ತಾಯಿಯ ಧ್ವನಿ ಎರಡರಲ್ಲೂ ಕಾಣೆ ಅನ್ನುತ್ತಾರೆ. ಪರೀಕ್ಷಕರ ಪೆನ್ಸಿಲ್ ಪ್ರಶ್ನೆಗೆ ಉತ್ತರ ಅಲ್ಲಿತ್ತು. ನಾನು ಅದನ್ನು ಮೊದಲು ಓದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಕ್ಲೈನ್ ಅವರ ಮಗಳು ಮೆಲಿಟ್ಟಾ ಕೂಡ ಮನೋವಿಶ್ಲೇಷಕಿ. ಲಂಡನ್ನಿನ ಸಭೆಗಳಲ್ಲಿ ಎಲ್ಲರೆದುರು ತಾಯಿಯ ಮೇಲೆ ಹರಿಹಾಯ್ದವರು. 1960ರಲ್ಲಿ ಕ್ಲೈನ್ ತೀರಿಕೊಂಡಾಗ ಅಂತ್ಯಕ್ರಿಯೆಗೂ ಹೋಗಲಿಲ್ಲ. ಇದನ್ನು ನಿಮ್ಮ ಥೀಸಿಸ್‌ನಲ್ಲಿ ಹಾಕಿ ಅಂತ ಹೇಳುತ್ತಿಲ್ಲ. ತಾಯಿ-ಮಗುವಿನ ಬಗ್ಗೆ ಎಲ್ಲರಿಗಿಂತ ಆಳವಾಗಿ ಬರೆದವರಿಗೂ ಆ ಜ್ಞಾನ ಮನೆಯಲ್ಲಿ ಆಯುಧವಾಯಿತು. ಅದಕ್ಕೆ ಹೇಳುತ್ತಿದ್ದೇನೆ, ಈ ಪದಗಳನ್ನು ಮನೆಗೆ ತಗೊಂಡು ಹೋಗಬೇಡಿ.

ಜೊತೆಗೆ ಒಂದು ಕನ್ನಡದ ಕೃತಿ ಇಡಬಹುದಾ ಅಂತಲೂ ಕೇಳಿದ್ದೀರಿ. ನಾನಾದರೆ ಎ.ಕೆ. ರಾಮಾನುಜನ್ ಉತ್ತರ ಕರ್ನಾಟಕದಲ್ಲಿ ಒಬ್ಬ ಹೆಂಗಸಿನಿಂದ ಕೇಳಿ ಬರೆದುಕೊಂಡ ಜನಪದ ಕಥೆಯನ್ನು ಇಡುತ್ತೇನೆ. ‘ಇಂಡಿಯನ್ ಈಡಿಪಸ್’ ಪ್ರಬಂಧದಲ್ಲಿ ಅದರ ಚರ್ಚೆ ಇದೆ. ಸ್ವಂತ ಮಗನನ್ನೇ ಮದುವೆಯಾಗಿ ಅವನಿಂದ ಮಗು ಹೆರುತ್ತಾಳೆ ಅಂತ ಹಣೆಯಲ್ಲಿ ಬರೆದಿರುವ ಹುಡುಗಿಯ ಕಥೆ. ತಪ್ಪಿಸಿಕೊಳ್ಳಲು ಕಾಡಿಗೆ ಹೋದರೂ ಬಿಡುವುದಿಲ್ಲ. ಹೆತ್ತ ಮಗುವನ್ನು ಸೀರೆ ತುಂಡಿನಲ್ಲಿ ಸುತ್ತಿ ನೀರಿಗೆ ಬಿಟ್ಟಿರುತ್ತಾಳೆ. ಎಷ್ಟೋ ವರ್ಷದ ಮೇಲೆ ಗಂಡನ ಮನೆಯಲ್ಲಿ ಅದೇ ತುಂಡು ಕಣ್ಣಿಗೆ ಬೀಳುತ್ತದೆ. ತೊಟ್ಟಿಲ ಮಗುವನ್ನು ಮಗನೇ, ಮೊಮ್ಮಗನೇ, ಗಂಡನ ತಮ್ಮನೇ ಅಂತ ಜೋಗುಳ ಹಾಡಿ ಮಲಗಿಸಿ, ನೇಣು ಹಾಕಿಕೊಳ್ಳುತ್ತಾಳೆ. ಇದು ತಾಯಿ-ಮಗಳ ಕಥೆ ಅಲ್ಲ, ಗೊತ್ತು. ಆದರೆ ಗೊತ್ತಿಲ್ಲದೆ ತಾಯಿಯನ್ನೇ ಮದುವೆಯಾದ ಗ್ರೀಕ್ ಈಡಿಪಸ್ಸನ ಕಥೆಯಲ್ಲಿ ಬದಿಗೆ ಬಿದ್ದ ತಾಯಿ ಇಲ್ಲಿ ನಡುವೆ ನಿಂತಿದ್ದಾಳೆ. ಎಲ್ಲವೂ ಅವಳ ಕಣ್ಣಿನಿಂದ ಕಾಣುತ್ತದೆ. ಕಿಂಕೇಡ್‌ರ ಎದುರು ಇಟ್ಟರೆ ಹೇಳುವವರು ಬದಲಾದಾಗ ಏನೆಲ್ಲ ಬದಲಾಗುತ್ತದೆ ಅಂತ ತೋರಿಸಬಹುದು.

ಕಾದಂಬರಿಗಳಿಗೆ ಕೈ ಹಾಕುವ ಮೊದಲು ಕಿಂಕೇಡ್ 1978ರಲ್ಲಿ ಬರೆದ ‘ಗರ್ಲ್’ ಓದಿ. ಹೆಚ್ಚೆಂದರೆ ಎರಡು ಪುಟ, ಒಂದೇ ವಾಕ್ಯ. ಬಟ್ಟೆ ಒಗೆಯುವುದು ಹೇಗೆ, ಅಂಗಳ ಗುಡಿಸುವುದು ಹೇಗೆ, ಕೆಟ್ಟ ಹೆಸರು ಬರದಂತೆ ನಡೆಯುವುದು ಹೇಗೆ ಅಂತ ಅಮ್ಮ ಹೇಳುತ್ತಾ ಹೋಗುತ್ತಾಳೆ. ಮಗಳು ನಡುವೆ ಬಾಯಿ ಹಾಕುವುದು ಎರಡೇ ಸಲ. ಕಿಂಕೇಡ್ ಆಮೇಲೆ ಅಷ್ಟು ಕಾಲ ಬರೆದ ತಾಯಿ ಇಲ್ಲಿ ತಾನೇ ಮಾತಾಡುತ್ತಾಳೆ. ಅದರಲ್ಲಿರುವುದು ಗದರಿಕೆಯಾ, ಬದುಕಿ ಉಳಿಯುವ ವಿದ್ಯೆಯಾ ಅಂತ ನೀವೇ ಒಂದು ಪುಟ ಬರೆಯಿರಿ, ಯಾವ ಥಿಯರಿಸ್ಟ್ ಹೆಸರೂ ಇಲ್ಲದೆ. ಆಮೇಲೆ ಸಿನಾಪ್ಸಿಸ್‌ನ ಆ ಸಾಲು ತೆಗೆದು, ಮಗಳು ಕಂಡ ತಾಯಿ ಯಾರು, ಅವಳಿಗೆ ಕಾಣದ ತಾಯಿ ಪುಸ್ತಕದಲ್ಲಿ ಎಲ್ಲೆಲ್ಲಿ ಇದ್ದಾಳೆ ಅಂತ ಕೇಳಿಕೊಳ್ಳಿ. ರಿಜಿಸ್ಟ್ರೇಷನ್ ಆಗುವ ಮುಂಚೆ ಬದಲಿಸಿದರೆ ಸಾಮಾನ್ಯವಾಗಿ ಸುಲಭವಾಗಿ ಮುಗಿಯುತ್ತದೆ. ಆಮೇಲೆ ಆದರೆ ಕಮಿಟಿ, ಸಹಿ, ತಿಂಗಳುಗಟ್ಟಲೆ ಅಲೆದಾಟ.